ಸೀಸೆಯೊಳಗಿನ ದುಂಬಿ

ಒಳಕಾಡಿನ ಬೀಟೆ ಮರಗಳಿಗೆ ಹುಳ ಬಿದ್ದಿದೆ, ಅವನ್ನು ಕಡಿಯಲು ಒಪ್ಪಿಗೆ ಬೇಕು ಎಂದು ಅರಣ್ಯಾಧಿಕಾರಿ ಒಂದು ಸೀಸೆ ತಂದಿದ್ದರು. ಪ್ರಯೋಗಾಲಯದ ಹಂಗಾಮಿ ಕೀಟತಜ್ಞೆ ಇಂದುಮತಿ ಅದರೊಳಗಿನ ದುಂಬಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ನೋಡಿದಳು.

"ಇಂಥವು ಎರಡು ಜಾತಿ ಇವೆ ಸರ್. ಒಂದು ಬದುಕಿರೋ ಮರವನ್ನೇ ಕೊರೆದು ಒಣಗಿಸುತ್ತೆ. ಇನ್ನೊಂದು ಅಂಥ ಮರದ ತಂಟೆಗೇ ಹೋಗಲ್ಲ."

"ನೋಡೋಕೆ ಎರಡೂ ಒಂದೇ ಥರ ತಾನೇ?"

"ಹೌದು. ಬೆನ್ನಿನ ಮೇಲಿನ ಗೀರು ಮಾತ್ರ ಬೇರೆ."

"ಆ ಗೀರನ್ನ ಯಾರು ನೋಡ್ತಾರೆ ಮೇಡಂ? ಮೊದಲನೇ ಜಾತಿ ಅಂತ ಹೇಳಿಬಿಡಿ. ಮುಂದಿನ ವರ್ಷವೂ ನೀವು ಇಲ್ಲೇ ಇರಬೇಕಲ್ಲ."

ಅವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಳು.

"ಇದು ಆ ಮರಗಳದ್ದೇ ಅಂತ ಖಾತ್ರಿನಾ ಸರ್?"

"ನಾನೇ ಕೈಯಾರೆ ತೊಗಟೆ ಎಬ್ಬಿಸಿ ಹಿಡಿದಿದ್ದು. ನಮ್ಮ ಸಿಬ್ಬಂದಿಯೆಲ್ಲ ನೋಡಿದ್ದಾರೆ. ಬೇರೆ ಮರದ್ದು ಅಂತ ಯಾರೂ ಹೇಳೋ ಹಾಗಿಲ್ಲ."

ಇಂದುಮತಿ ದನಿ ತಗ್ಗಿಸಲಿಲ್ಲ.

"ಇದು ಎರಡನೇ ಜಾತಿ ಸರ್. ಕಡಿದು ಕೆಡವಿದ ದಿಮ್ಮಿಯಲ್ಲಿ ಮಾತ್ರ ಮೊಟ್ಟೆ ಇಡುತ್ತೆ. ಒಪ್ಪಿಗೆ ಕೇಳೋದಕ್ಕೆ ಮೊದಲೇ ಆ ಮರಗಳನ್ನ ಕಡಿದೋರು ಯಾರು?"