ಚಂದ್ರಾಮ ಟಾಕೀಸಿನ ಜನಾನಾ ಬಾಗಿಲು

"ಈ ಕಲ್ಲಿನ್ಯಾಗ ನನ್ನ ಹೆಸರ ಬ್ಯಾಡ. ಅಳಿಸ್ರಿ," ಎಂದು ಹುಸೇನಬೀ ಹೇಳಿದಾಗ ಅಮರನಾಥ ಹೊದಿಸಲು ಎತ್ತಿದ್ದ ಶಾಲು ಅವನ ಕೈಯಲ್ಲೇ ಉಳಿಯಿತು.

ಆಳಂದದ ಪೇಟೆ ನಡುವಿನ ಚಂದ್ರಾಮ ಟಾಕೀಸನ್ನು ಕೆಡವಿ, ಅದೇ ಜಾಗದಲ್ಲಿ ಎದ್ದ ಮೂರಂತಸ್ತಿನ ಅಂಗಡಿ ಕಟ್ಟಡದ ಉದ್ಘಾಟನೆ ಅದು. ಟಾಕೀಸು ಕಟ್ಟಿಸಿದ ಚಂದ್ರಾಮಪ್ಪನವರ ಮೊಮ್ಮಗ ಅಮರನಾಥ, ಅಜ್ಜನ ನೆನಪಿಗೆಂದು ಗೋಡೆಯಲ್ಲಿ ಟಾಕೀಸಿನ ಇತಿಹಾಸ ಕೆತ್ತಿದ ಕರಿಕಲ್ಲು ಕೂರಿಸಿದ್ದ. ಇಪ್ಪತ್ತೆಂಟು ವರ್ಷ ಅಲ್ಲಿ ಜನಾನಾ ಎನ್ನುವ ಹೆಂಗಸರ ಬಾಗಿಲು ಕಾದ ಹುಸೇನಬೀಗೆ ಸನ್ಮಾನವೂ ಇತ್ತು. ಓದು ಬಾರದ ಆಕೆಗೆ ಪಕ್ಕದಲ್ಲಿದ್ದ ನಿವೃತ್ತ ಶಿಕ್ಷಕಿ ಜಯಮಾಲಾ ಕಲ್ಲಿನ ಮೇಲಿದ್ದದ್ದನ್ನು ಓದಿ ಹೇಳಿದ್ದೇ ತಪ್ಪಾಯಿತು: "ಹೆಣ್ಣುಮಕ್ಕಳಿಗೆ ಪ್ರತ್ಯೇಕ ಬಾಗಿಲು, ಪ್ರತ್ಯೇಕ ಆಸನ ಕೊಟ್ಟು ಗೌರವದಿಂದ ಕಂಡ ಚಿತ್ರಮಂದಿರ. ಆ ಸೇವೆಯಲ್ಲಿ ಹುಸೇನಬೀ."

"ಯಾಕ್ರಿ ಖಾಲಾ, ಹೆಸರ ತಪ್ಪ ಬರದಾರೇನು?" ಅಮರನಾಥ ಕೇಳಿದ.

"ಹೆಸರ ಬರೋಬರಿ ಐತಿ, ಮ್ಯಾಲಿನ ಮಾತ ಸುಳ್ಳ ಐತಿ. ಗೌರವ ಅಂತ, ಗೌರವ! ಸಿನಿಮಾ ಮುಗಿಯಾಕ ಇನ್ನ ಹತ್ತ ಮಿನೀಟ ಐತಿ ಅನ್ನೂದ್ರಾಗ ನಾ ಗಂಟಿ ಬಾರಸಬೇಕು, ಜನಾನಾ ಖಾಲಿ ಮಾಡಸಬೇಕು. ನಿಮ್ಮಜ್ಜಾರ ಹುಕುಂ. ಗಂಡಸರು ಹೊರಗ ಬರೂದ್ರಾಗ ಹೆಂಗಸರು ಓಣಿ ದಾಟಿರಬೇಕು, ಮನ್ಯಾಗ ಒಲಿ ಹಚ್ಚಿರಬೇಕು. ಟಿಕೇಟ ಮಾತ್ರ ಪೂರಾ!"

ಆಕೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೆಂಗಸರ ಪಾಲಿಗೆ ಆ ಟಾಕೀಸಿನಲ್ಲಿ ಯಾವ ಸಿನಿಮಾಕ್ಕೂ ಕೊನೆ ಎಂಬುದೇ ಇರಲಿಲ್ಲ. ಎರಡೂವರೆ ತಾಸು ಮೂಗು ಒರೆಸಿಕೊಳ್ಳುತ್ತ ಕೂತವರು, ಇನ್ನೇನು ಕಳ್ಳ ಸಿಕ್ಕಿಬೀಳಬೇಕು, ಕಳೆದುಹೋದ ಮಗ ತಾಯಿಯ ಗುರುತು ಹಿಡಿಯಬೇಕು, ಅಷ್ಟರಲ್ಲಿ ಗಂಟೆ! ಕತ್ತಲಲ್ಲಿ ಚಪ್ಪಲಿ ತಡಕಾಡಿ, ಕೂಸನ್ನು ಕಂಕುಳಿಗೇರಿಸಿ, ತಲೆ ಮೇಲೆ ಸೆರಗೆಳೆದು ಹೊರಡಬೇಕು. ದನ ಬಿಚ್ಚುವವನೂ ಅವುಗಳ ಮುಂದಿರುವ ಮೇವು ಮುಗಿಯುವ ತನಕ ತಾಳುತ್ತಾನೆ. ಇದನ್ನು ಗೌರವ ಎಂದು ಕಲ್ಲಿನಲ್ಲಿ ಕೆತ್ತಿಸಲು ಎಂಥ ಎದೆ ಬೇಕು!

"ಹಣಮವ್ವ ಅಂತ ಒಬ್ಬಾಕಿ," ಹುಸೇನಬೀ ಬಿಡಲಿಲ್ಲ, "ತೊಗರಿ ರಾಶಿ ಮುಗದ ಮ್ಯಾಲ ವರ್ಷಕ್ಕ ಒಮ್ಮಿ ಸಿನಿಮಾಕ ಬರಾಕಿ. ಬೆಂಚ ಗಟ್ಟಿ ಹಿಡಕೊಂಡು, ಎರಡ ಮಿನೀಟ ಬಿಡಬೇ ಯವ್ವಾ ಅಂತ ಅತ್ತಳು. ಆಕಿ ಕೈಬೆರಳ ಒಂದೊಂದ ಬಿಡಿಸಿ ಹೊರಗ ಹಾಕೇನಿ ನಾನು, ಈ ಕೈಲೆ. ಅದಕ ಸೇವಾ ಅಂತೀರಿ? ನನಗ ನಾಚಿಕಿ ಬರಾಕತ್ತೈತಿ. ನಿಮಗ ಬರಂಗಿಲ್ಲೇನು?"

ಕುರ್ಚಿಗಳಲ್ಲಿ ಗುಸುಗುಸು ಎದ್ದಿತು. ಅಮರನಾಥ ಶಾಲನ್ನು ಮತ್ತೆ ಮುಂದೆ ಚಾಚಿದ. "ಅದು ಆಗಿನ ಕಾಲದ ಪದ್ಧತಿ ಖಾಲಾ. ಹತ್ತ ಮಿನೀಟಿನ ಮಾತಿಗಿ ಇಷ್ಟ ಮಂದಿ ಮುಂದ ಅಜ್ಜಾರ ಹೆಸರ ಯಾಕ ಕೆಡಸ್ತೀರಿ? ಶಾಲ ಹೊಚ್ಚಿಕೋರಿ, ಫೋಟೋ ತಗೀಲಿ. ಕಲ್ಲ ಹಂಗ ಇರತೈತಿ."

"ಇರಂಗಿಲ್ಲ."

ಮುಂದಿನ ಸಾಲಿನಿಂದ ಕೋಲೂರಿ ಎದ್ದವರು ಸುಭದ್ರಾಬಾಯಿ, ಚಂದ್ರಾಮಪ್ಪನವರ ಹೆಂಡತಿ, ಅಮರನಾಥನ ಅಜ್ಜಿ. ಆ ಜಾಗ ಈಗಲೂ ಅವರ ಹೆಸರಿನಲ್ಲೇ ಇತ್ತು. "ಹುಸೇನಬೀ ಖರೆ ಹೇಳ್ಯಾಳ. ಆ ಸಾಲ ಕೆತ್ತಿ ತಗಸು. ನಾ ಮಾಲಕರ ಹೇಂತಿ, ನನಗೂ ಅದ ಗಂಟಿನ. ಮಾಲಕರ ಮನಿಯಾಕಿನ ಕುಂತರ ಉಳದವರು ಏಳತಾರೇನು ಅಂತ ಎಲ್ಲಾರಕಿಂತ ಮೊದಲ ನನ್ನ ಎಬ್ಬಸ್ತಿದ್ರು."

"ಆಯಿ, ಇದು ಸಣ್ಣ ಮಾತ..."

"ಸಣ್ಣ ಮಾತೇನೋ? ಲಗ್ನಾಗಿ ತವರೂರ ಸೊನ್ನದಿಂದ ಬಂದ ಹೊಸದಾಗ ಒಂದ ಸಿನಿಮಾ ಹತ್ತಿತ್ತು. ಅತ್ತಿ ಕಾಟ ತಾಳಲಾರದ ಸೊಸಿ ಕೂಸಿನ್ನ ಎತ್ತಿಕೊಂಡು ಹೊಳ್ಯಾಗ ಇಳದಳು. ಮೊಣಕಾಲ ತನಕ ನೀರ ಬಂತು, ಗಂಟಿ ಆತು. ಮನಿಗಿ ಬಂದು ನಿಮ್ಮಜ್ಜಾರನ್ನ ಕೇಳಿದ್ರ, ಅದನ್ನ ತೊಗೊಂಡ ನೀ ಏನ ಮಾಡ್ತಿ ಅಂದ್ರು. ಅರವತ್ತ ವರ್ಷಕ್ಕ ಬಂತು, ಆಕಿ ನನ್ನ ಕಣ್ಣಾಗ ಇನ್ನಾ ನೀರಾಗ ನಿಂತಾಳ. ಬದುಕಿದಳೋ ಸತ್ತಳೋ, ಹೇಳ ನೋಡೋಣು."

ಅಮರನಾಥ ಹುಸೇನಬೀಯತ್ತ ನೋಡಿದ. ಆಕೆ ಪ್ರತಿ ಸಿನಿಮಾದ ಕೊನೆಯ ಹೊತ್ತಿಗೆ ಬಾಗಿಲಾಚೆ ನಿಂತು ಹೆಂಗಸರ ತಲೆ ಎಣಿಸುತ್ತಿದ್ದವಳು. ಜಯಮಾಲಾ ಗೊತ್ತಿಲ್ಲವೆಂದು ತಲೆಯಾಡಿಸಿದರು. ಅಲ್ಲಿದ್ದ ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ಕುರ್ಚಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದ, ಕಾಳುಕಡಿ ದಲ್ಲಾಳಿಯ ಅಡತ ಅಂಗಡಿಯ ಮುದುಕ ಭಗವಂತ ನಕ್ಕುಬಿಟ್ಟ. ಅವನ ಕಾಲದಲ್ಲಿ ಆ ಟಾಕೀಸಿನ ಒಂದು ಸಿನಿಮಾವನ್ನೂ ಅವನು ಬಿಟ್ಟವನಲ್ಲ.

"ಬದುಕತಾಳ್ರಿ ಅವ್ವಾರ! ಗಂಡ ಓಡಿ ಬಂದು ಕೈ ಹಿಡದ ಎತ್ತತಾನು, ಕೂಸೂ ಉಳೀತೈತಿ. ಊರಾಗ ಎಲ್ಲಾರಿಗೂ ಗೊತ್ತಿದ್ದ ಮಾತಲ್ರಿ ಅದು!"