ಅಪ್ಪ ಕುಡಿದ ಚಹಾ

ನಾನು ಸಾಲಿ ಬಿಟ್ಟು ಮಗ್ಗದಲ್ಲೇ ದುಡಿದು ಕಟ್ಟಿದ ಮನೆಯಿದು. ಆದರೂ ಹೆಂಡತಿ ಶುಂಠಿ ಚಹಾ ಕುದಿಸಿದರೆ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ಅಪ್ಪ ಬೆಂಗಳೂರಿಗೆ ದುಡಿಯಲು ಹೋದಾಗ ಮಾರ್ಮನ್ ಎಂಬ ಕ್ರೈಸ್ತ ಪಂಥ ಸೇರಿ ಗುಳೇದಗುಡ್ಡಕ್ಕೆ ಮರಳಿದ್ದ. ಆ ಪಂಥದ ನೇಮದಂತೆ ಚಹಾ, ಸೆರೆ ಕುಡಿಯುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟಿದ್ದ. ರವಿವಾರ ಮಗ್ಗ ನಿಲ್ಲಿಸಿ, ಬಿಳಿ ಅಂಗಿ ತೊಟ್ಟು, ನಮ್ಮನ್ನೆಲ್ಲ ಸುತ್ತ ಕೂಡ್ರಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದ. ಓಣಿಯವರು ನಮ್ಮ ಮನೆಯಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಹಾಗಿರುವಾಗ ಒಂದು ಮಧ್ಯಾಹ್ನ ವರನ ಕಡೆಯವರು ಅಕ್ಕನನ್ನು ನೋಡಲು ಬಂದರು. ಅವಳಿಗೆ ಬಂದ ಮೊದಲ ಸಂಬಂಧ ಅದು.

ಜಮಖಾನೆಯ ಮೇಲೆ ಕುಳಿತ ವರನ ಸೋದರಮಾವ ಅವರಿಗೆಂದೇ ಕುದಿಸಿದ್ದ ಶುಂಠಿ ಚಹಾದ ತನ್ನ ಕಪ್ಪನ್ನು ಅಪ್ಪನ ಮುಂದೆ ಸರಿಸಿದ. "ಕೂಡಿ ಚಾ ಕುಡದ್ರನ ಸಂಬಂಧರಿ. ಇದನ್ನ ಕುಡೀರಿ, ಹಳೇದೆಲ್ಲಾ ಮರೀತೇವಿ."

"ನಾ ಹಾಲು ಕುಡೀತೇನ್ರಿ," ಅಂದ ಅಪ್ಪ.

"ಹಾಲು ಕೂಸುಗಳು ಕುಡೀತಾವ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪ ಬಾಗಿಲ ಮರೆಯಲ್ಲಿ ನಿಂತ ಅಕ್ಕನನ್ನು ನೋಡಿದ. ಕಣ್ಣು ಮುಚ್ಚಿ, ಸುಡುವ ಚಹಾವನ್ನು ಒಂದೇ ಉಸಿರಿಗೆ ಕುಡಿದ.

ಆ ಮಾವ ಖಾಲಿ ಕಪ್ಪಿನಲ್ಲಿ ಇಣುಕಿ ನೋಡಿ ಎದ್ದ. "ನಡೀರಿ. ಒಂದು ಕಪ್ ಚಾಕ್ಕ ದೇವರಿಗೆ ಕೊಟ್ಟ ಮಾತು ಮುರದಾಂವ, ನಮಗ ಕೊಟ್ಟ ಮಾತು ಉಳಸ್ತಾನೇನು?"

ಅವರು ಚಪ್ಪಲಿ ಮೆಟ್ಟುತ್ತ ನಗುವುದು ಒಳಗೆ ಕೇಳುತ್ತಿತ್ತು. ಅಕ್ಕ ಹೊಸ ಸೀರೆಯಲ್ಲೇ ಮಗ್ಗದ ಕುಣಿಗೆ ಇಳಿದು ಲಾಳಿ ಒಗೆದು ನೇಯತೊಡಗಿದಳು.

ಮುಂದಿನ ರವಿವಾರ ಅಪ್ಪ ಬಿಳಿ ಅಂಗಿ ತೊಟ್ಟು ಕುಳಿತ. ನಾವು ಸುತ್ತ ಕುಳಿತೆವು. ಪ್ರಾರ್ಥನೆಗೆಂದು ಕಣ್ಣು ಮುಚ್ಚಿದವನು ಕೂಡಲೇ ತೆರೆದ. ಆಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಮಗ್ಗಕ್ಕೆ ಇಳಿದ.