ಮಣ್ಣೆತ್ತಿನ ಜೋಡಿ

ಹೂಕುಂಡಕ್ಕೆ ಕರಿಮಣ್ಣು ಕಲೆಸುತ್ತಿದ್ದೇನೆ. ಆ ಹಸಿ ವಾಸನೆ ನನ್ನನ್ನು ನಮ್ಮೂರು ಸೊಕ್ಕೆಯ ಮನೆಯ ಪಡಸಾಲೆಗೆ ಎಳೆದುಕೊಂಡು ಹೋಗುತ್ತಿದೆ.

ಅಂದು ಮಣ್ಣೆತ್ತಿನ ಅಮಾವಾಸ್ಯೆ. ಪೂಜೆಗೆ ಜೋಡಿ ಎತ್ತು ಬೇಕು. ಒಂದನ್ನು ಅಜ್ಜಿ ಮಾಡಿದಳು, ಇನ್ನೊಂದನ್ನು ಮೊದಲ ಸಲ ನನಗೆ ಬಿಟ್ಟಳು. ಅಜ್ಜಿಯ ಎತ್ತು ಹೇಗಿತ್ತು ಅಂತೀರಿ! ಬೆನ್ನ ಮೇಲೆ ಎದ್ದು ನಿಂತ ಡುಬ್ಬ, ಬಿಲ್ಲಿನಂಥ ಕೋಡು, ಕಣ್ಣಿಗೆ ಜೋಳದ ಕಾಳು. ಒದ್ದೆ ಬೆರಳಲ್ಲಿ ಸವರಿ ಸವರಿ ಅದರ ಮೈ ಮಿಂಚುವಂತೆ ಮಾಡಿದ್ದಳು. ನನ್ನದು ಅದರ ಹೊಟ್ಟೆಯವರೆಗೆ ಮಾತ್ರ ಬಂತು.

"ಏನೇ, ಎತ್ತಿನ ಪಕ್ಕ ನಾಯಿ ಕಟ್ಟೀಯಲ್ಲೇ!" ಎಂದು ಚಿಕ್ಕಪ್ಪ ನಕ್ಕ.

ನೊಗವೆಂದು ಅಜ್ಜಿ ಎರಡರ ಕತ್ತಿನ ಮೇಲಿಟ್ಟ ಕಡ್ಡಿ ನನ್ನ ಎತ್ತಿನ ಕಡೆಗೆ ಜಾರಿ ಬಿತ್ತು.

"ಹೋಗ್ಲಿ ಬಿಡವ್ವ, ಅದನ್ನೂ ನೀನೇ ಮಾಡು," ಎಂದು ಚಿಕ್ಕಪ್ಪ ಅಜ್ಜಿಗೆ ಹೇಳಿದ. ನಾನು ನನ್ನ ಎತ್ತಿಗೆ ಕೈ ಅಡ್ಡ ಹಿಡಿದೆ.

"ಹುಡುಗಿ ಮಾಡಿದ್ದು ಪೂಜೆಗೆ ಇಡಾಕೆ ಏನು ಅಡ್ಡಿ ಐತೆ? ನೊಗ ಸಮ ನಿಂತ್ರೆ ಆತು," ಎಂದಳು ಅಜ್ಜಿ.

ಆಮೇಲೆ ತನ್ನ ಚೆಂದದ ಎತ್ತಿನ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಕಾಲುಗಳು ಕುಸಿದು ದಪ್ಪಗಾದವು, ಡುಬ್ಬ ಚಪ್ಪಟೆಯಾಯಿತು. ಅದು ನನ್ನದರ ಎತ್ತರಕ್ಕೆ ಇಳಿಯುವವರೆಗೂ ಒತ್ತಿದಳು.

"ಈಗ ಇಡು, ನನ್ನವ್ವ."

ನಾನು ಕಡ್ಡಿ ಇಟ್ಟೆ. ಅಲುಗಾಡದೆ ನಿಂತಿತು.